ಕಪೋಸಿಯ ಅರ್ಬುದವೂ ಅದರ ಸಹಚರ ವ್ಯಾಧಿಗಳೂ

ರಾಯಚೂರಿನಿಂದ ಮಾನ್ವಿಯ ಮಾರ್ಗವಾಗಿ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳವೆಂಬ ಊರಿರುವುದು. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದಂದಿನಿಂದ ಬತ್ತದ ಬೆಳೆಗೆ ಹೆಸರಾದ ಈ ಸೀಮೆಯಲ್ಲಿ, ಮೈಮೇಲೆ ಕಲೆಯೊಂದು ಮೂಡಿತೆಂದರೆ ಅದಕ್ಕೆ ಜನರ ಬಾಯಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ತೊನ್ನು, ಕಜ್ಜಿ, ಹುಳುಕಡ್ಡಿ, ದೊಡ್ಡರೋಗ ಎಂಬ ಕನ್ನಡದ ಮಾತುಗಳಲ್ಲದೆ ನೆರೆಯ ತೆಲುಗಿನ ರಾಚಪುಂಡು ಎಂಬುದೂ ಉಂಟು. ಈ ಹೆಸರುಗಳೆಲ್ಲವೂ ಕಣ್ಣಿಗೆ ಕಂಡುದನ್ನು ನಂಬಿ ಇಟ್ಟವು. ಎಚ್.ಐ.ವಿ. ಎಂಬ ವೈರಸ್ಸು ದೇಹದ ರೋಗನಿರೋಧಶಕ್ತಿಯನ್ನು ತಿಂದುಹಾಕಿರುವಲ್ಲಿ ಕಣ್ಣಿನ ಈ ಸಾಕ್ಷ್ಯವು ನಿಲ್ಲುವುದಿಲ್ಲ. ಅಂಥ ರೋಗಿಯ ಮೈಮೇಲಣ ಒಂದು ಗಂಟು ಕ್ಷಯವಾಗಿರಬಹುದು, ಬೂಷ್ಟಿನ ಸೋಂಕಾಗಿರಬಹುದು, ಕ್ಯಾನ್ಸರೂ ಆಗಿರಬಹುದು. ಒಂದೇ ದೇಹದಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಾಗಿ ಇರುವುದೂ ಅಪೂರ್ವವಲ್ಲ.

ಇಂತಹ ಕ್ಯಾನ್ಸರುಗಳಲ್ಲಿ ಪ್ರಸಿದ್ಧವಾದುದು ಕಪೋಸಿಯ ಸಾರ್ಕೋಮ. ಇದನ್ನು ವಾಡಿಕೆಯಲ್ಲಿ ಚರ್ಮದ ಕ್ಯಾನ್ಸರ್ ಎನ್ನುವರಾದರೂ ಆ ಹೆಸರು ಅಷ್ಟು ಸರಿಯಲ್ಲ. ಅದು ತೋರುವುದು ಚರ್ಮದಲ್ಲಿ. ಹುಟ್ಟುವುದು ರಕ್ತನಾಳ ಮತ್ತು ದುಗ್ಧನಾಳಗಳ ಒಳಪದರದ ಕಣಗಳಿಂದ. ಸುಶ್ರುತಸಂಹಿತೆಯು ದುಂಡಗೆ, ಸ್ಥಿರವಾಗಿ, ಮೆಲ್ಲಮೆಲ್ಲನೆ ಬೆಳೆದು ಕೀವುಗಟ್ಟದಿರುವ ಗಡ್ಡೆಯನ್ನು ಅರ್ಬುದವೆಂದು ಕರೆದು, ಅದರಲ್ಲಿ ರಕ್ತಾರ್ಬುದ, ಮಾಂಸಾರ್ಬುದ ಮುಂತಾದ ಭೇದಗಳನ್ನು ಹೇಳುತ್ತದೆ. ನಾಳಗಳಿಂದ ಹುಟ್ಟುವ ಈ ರೋಗಕ್ಕೆ ರಕ್ತಾರ್ಬುದವೆಂದೇ ಹೆಸರಿಡೋಣವೆಂಬ ಆಸೆ ಪಂಡಿತರಿಗೆ ಹುಟ್ಟುವುದು ಸಹಜ. ಆದರೆ ಪ್ರಾಚೀನರು ಕಂಡುದು ಇದನ್ನೇ ಎನ್ನಲು ಆಧಾರವಿಲ್ಲ. ಮೇಲಾಗಿ ಇಂದಿನ ಓದುಗನು ಆ ಮಾತನ್ನು ಕೇಳಿದೊಡನೆ ರಕ್ತದ ಕ್ಯಾನ್ಸರೆಂಬ ಬೇರೊಂದು ವ್ಯಾಧಿಯನ್ನೇ ನೆನೆಯುವನು. ಏಡಿ ಎಂಬರ್ಥದ ಗ್ರೀಕ್ ಶಬ್ದವನ್ನು ಹಿಡಿದು ಮಾಡಿದ ‘ಏಡಿಗಂತಿ’ ಎಂಬ ಕನ್ನಡ ಮಾತು ಸೊಗಸಾಗಿದೆಯಾದರೂ ಬಳಕೆಯಲ್ಲಿ ನೆಲೆನಿಲ್ಲಲಿಲ್ಲ. ಆದುದರಿಂದ ‘ಕಪೋಸಿಯ ಅರ್ಬುದ’ ಎಂಬ ಮಿಶ್ರನಾಮವೇ ಇಲ್ಲಿ ಲೇಸು.

ಕಪೋಸಿ ಎಂಬುದು ವೈದ್ಯನ ಹೆಸರು. ಅದಕ್ಕೆ ಮೂಲ ಅವನ ಊರು. ಹಂಗೆರಿಯ ಕಪೋಶ್ವಾರದಲ್ಲಿ ೧೮೩೭ರಲ್ಲಿ ಹುಟ್ಟಿದ ಮೋರಿಟ್ಸ್ ಕೋನನು ವಿಯೆನ್ನಾದಲ್ಲಿ ಚರ್ಮವೈದ್ಯಾಚಾರ್ಯನಾದ ಹೆಬ್ರನ ಶಿಷ್ಯನೂ ಅಳಿಯನೂ ಆಗಿ, ೧೮೭೧ರಲ್ಲಿ ತನ್ನ ಹೆಸರನ್ನು ಕಪೋಸಿ ಎಂದು ಬದಲಿಸಿಕೊಂಡನು. ಮರುವರ್ಷವೇ, ಎಂದರೆ ೧೮೭೨ರಲ್ಲಿ, ಮೈಮೇಲೆ ಹಲವೆಡೆ ಕಂದುಗೆಂಪು ಗಂಟುಗಳೇಳುವ ಒಂದು ರೋಗವನ್ನು ಅವನು ವರ್ಣಿಸಿದನು. ಅನಂತರ ನೂರು ವರ್ಷಗಳವರೆಗೆ ಇದು ಮೆಡಿಟರೇನಿಯನ್ ಕರಾವಳಿಯ ಮತ್ತು ಪೂರ್ವ ಯುರೋಪಿನ ಮುದುಕರ ಕಾಲುಗಳಲ್ಲಿ ಕಾಣಿಸಿಕೊಂಡು ನಿಧಾನವಾಗಿ ಬೆಳೆಯುವ ವ್ಯಾಧಿಯೆಂದೇ ಯುರೋಪಿನ ವೈದ್ಯರು ತಿಳಿದಿದ್ದರು. ಮಧ್ಯ ಆಫ್ರಿಕದಲ್ಲಿ ಅದು ಹೆಚ್ಚಾಗಿಯೂ ಉಗ್ರವಾಗಿಯೂ ಇದ್ದುದು ತರುವಾಯ ತಿಳಿದುಬಂದಿತು.

೧೯೮೧ರ ಜುಲೈ ೩ರಂದು ಅಮೆರಿಕದ ರೋಗನಿಯಂತ್ರಣ ಸಂಸ್ಥೆಯ ವಾರಪತ್ರವು ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ನ್ಯೂಯಾರ್ಕಿನಲ್ಲಿ ೨೦, ಕ್ಯಾಲಿಫೋರ್ನಿಯದಲ್ಲಿ ೬, ಒಟ್ಟು ೨೬ ಮಂದಿ ಗಂಡಸರಿಗೆ ಮೂವತ್ತು ತಿಂಗಳೊಳಗೆ ಈ ಅರ್ಬುದವು ಕಂಡಿತ್ತು, ಅವರಲ್ಲಿ ಮುದುಕರಿರಲಿಲ್ಲ. ಇನ್ನೂ ಗಮನಾರ್ಹವಾದುದೆಂದರೆ, ಅವರಲ್ಲಿ ಏಳು ಮಂದಿಗೆ ಬೇರೆ ತೀವ್ರವಾದ ಸೋಂಕುಗಳೂ ಇದ್ದುವು. ಆರು ಮಂದಿಗೆ ನ್ಯುಮೋನಿಯ, ಒಬ್ಬನಿಗೆ ಮೆದುಳಿನ ಟಾಕ್ಸೋಪ್ಲಾಸ್ಮ. ಸೋಂಕು ಅರ್ಬುದವನ್ನು ತಂದಿತೋ, ಅರ್ಬುದವು ಸೋಂಕಿಗೆ ಎಡೆಗೊಟ್ಟಿತೋ ಎಂಬುದು ಅಂದು ಬಗೆಹರಿಯಲಿಲ್ಲ. ೧೯೮೩ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಎಚ್.ಐ.ವಿ. ದೊರೆತ ಮೇಲೆ ಎರಡಕ್ಕೂ ಬಾಗಿಲು ತೆರೆದುದು ಒಂದೇ ಎಂದು ಸ್ಪಷ್ಟವಾಯಿತು. ಆದರೂ ಅರ್ಬುದಕ್ಕೆ ಸ್ವಂತ ಕಾರಣವೊಂದು ಬೇಕಾಗಿತ್ತು. ೧೯೯೪ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಎಂಬ ದಂಪತಿಗಳು ಅದನ್ನು ಕಂಡುಹಿಡಿದರು. ಅದು ಸರ್ಪಸುತ್ತಿನ ವೈರಸ್ಸಿನ ಕುಲಕ್ಕೆ ಸೇರಿದ ಮತ್ತೊಂದು ವೈರಸ್ಸು. ಮನುಷ್ಯನ ಹರ್ಪೀಸ್ ವೈರಸ್ಸುಗಳಲ್ಲಿ ಎಂಟನೆಯದು. ಮುಖ್ಯವಾಗಿ ಎಂಜಲಿನಿಂದ ಹರಡುವ ಇದು ಬಹುಮಂದಿಯಲ್ಲಿ ಯಾವ ಕೇಡನ್ನೂ ಮಾಡದೆ ಅಡಗಿರುತ್ತದೆ. ಕಾವಲು ಕುಸಿದಾಗ ಮಾತ್ರ ನಾಳಗಳ ಕಣಗಳನ್ನು ಕದಿರಿನ ಆಕಾರಕ್ಕೆ ತಿರುಗಿಸಿ ಎಲ್ಲೆಯಿಲ್ಲದೆ ಬೆಳೆಯಿಸುತ್ತದೆ. ಹೀಗೆ ಈ ಅರ್ಬುದವೂ ಒಂದು ಬಗೆಯಲ್ಲಿ ಸೋಂಕೇ ಆಯಿತು.

ಭಾರತದಲ್ಲಿ ಎಚ್.ಐ.ವಿ. ಮೊದಲು ಗೊತ್ತಾದುದು ೧೯೮೬ರಲ್ಲಿ, ಮದರಾಸಿನಲ್ಲಿ, ಸುನೀತಿ ಸಾಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಇವರ ಪರೀಕ್ಷೆಯಿಂದ. ೨೦೨೧ರ ಅಂದಾಜಿನಂತೆ ಕರ್ಣಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟು ಸೋಂಕಿತರಿದ್ದರು. ಇಷ್ಟಿದ್ದರೂ ಕಪೋಸಿಯ ಅರ್ಬುದವು ಈ ದೇಶದಲ್ಲಿ ವಿರಳ. ಎಂಟನೆಯ ಹರ್ಪೀಸ್ ವೈರಸ್ಸು ಇಲ್ಲಿಯ ಜನರಲ್ಲಿ ಅಷ್ಟಾಗಿ ಹಬ್ಬಿಲ್ಲದಿರುವುದೇ ಇದಕ್ಕೆ ಕಾರಣವೆನ್ನುವರು. ಇಲ್ಲಿ ಎಚ್.ಐ.ವಿ.ಯ ನಿತ್ಯಸಂಗಾತಿ ಕ್ಷಯ. ಆದರೆ ವಿರಳತೆಯೂ ಒಂದು ಅಪಾಯವೇ. ನೋಡದ ರೋಗವನ್ನು ವೈದ್ಯನು ನೆನೆಯುವುದಿಲ್ಲ. ಪಾಶ್ಚಾತ್ಯ ಗ್ರಂಥಗಳ ಚಿತ್ರಗಳಲ್ಲಿ ನೇರಿಳೆಯ ಬಣ್ಣದಿಂದ ಹೊಳೆಯುವ ಕಲೆಯು ಕಪ್ಪು ಮೈಯಲ್ಲಿ ಕಂದಾಗಿ, ಇಲ್ಲವೆ ಬರಿಯ ಕಪ್ಪಾಗಿ ತೋರುವುದು. ಬಾಯ ಅಂಗುಳನ್ನು ನೋಡಿದರೆ ಕೆಲವೊಮ್ಮೆ ಸುಳಿವು ಸಿಕ್ಕೀತು. ಆದರೆ ಬಾಯನ್ನು ತೆರೆಸಿ ನೋಡುವವರು ಎಷ್ಟು ಮಂದಿ? ಅರ್ಬುದವು ಶ್ವಾಸಕೋಶಕ್ಕೆ ಇಳಿದಾಗ ಕೆಮ್ಮೂ ರಕ್ತವೂ ಬಂದು, ಕ್ಷಯವೆಂದೇ ಮದ್ದು ನಡೆಯುವುದುಂಟು. ರೋಗಿಗೆ ಕ್ಷಯವೂ ನಿಜವಾಗಿ ಇದ್ದರಂತೂ ಎರಡನೆಯ ರೋಗವು ಮೊದಲನೆಯದರ ನೆರಳಿನಲ್ಲಿ ಮರೆಯಾಗಿಬಿಡುವುದು.

ರಾಯಚೂರು ಸೀಮೆಯಲ್ಲಿ ಈ ತೊಡಕಿಗೆ ಮತ್ತೊಂದು ಎಳೆ ಸೇರಿದೆ. ದೇವದುರ್ಗಕ್ಕೆ ಕೃಷ್ಣೆಯಾಚೆ ಇರುವ ಸುರಪುರದ ಕಡೆ, ಮಂಗಳೂರು ಎಂಬ ಹಳೆಯ ಚಿನ್ನದ ಗಣಿಯ ಬಳಿ, ಕಿರದಳ್ಳಿ ತಾಂಡವಿದೆ. ಅಲ್ಲಿಯ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ಪಾಷಾಣವು ಸೇರಿ, ನೀರು ಕುಡಿದವರ ಅಂಗೈ ಅಂಗಾಲುಗಳು ಒರಟಾಗಿ, ಮೈಮೇಲೆ ಕಪ್ಪು ಚುಕ್ಕೆಗಳೆದ್ದು, ಕೆಲವರಲ್ಲಿ ಕ್ಯಾನ್ಸರಿನವರೆಗೆ ಹೋದುದು ೨೦೧೩ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ ದಾಖಲಾಗಿರುತ್ತದೆ. ಇದಕ್ಕೂ ಎಚ್.ಐ.ವಿ.ಗೂ ಸಂಬಂಧವಿಲ್ಲ. ಇದು ನಾಳಗಳಿಂದಲ್ಲದೆ ಚರ್ಮದ ಮೇಲ್ಪದರದಿಂದಲೇ ಹುಟ್ಟುವ ಕ್ಯಾನ್ಸರು. ಹೆಸರಿಗೆ ತಕ್ಕ ಚರ್ಮದ ಕ್ಯಾನ್ಸರೆಂದರೆ ಇದೇ. ಒಂದೇ ನಾಡಿನಲ್ಲಿ ನೀರಿನಿಂದ ಬರುವ ಕಲೆ, ಕುಷ್ಠದ ಕಲೆ, ಕ್ಷಯದ ಗಂಟು, ವೈರಸ್ಸಿನ ಅರ್ಬುದ ಇಷ್ಟೂ ಸಾಧ್ಯವಿರುವಾಗ, ಕಲೆಯ ಒಂದು ಚೂರನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡದೆ ಹೇಳುವ ಹೆಸರು ಊಹೆಯೇ ಹೊರತು ನಿರ್ಣಯವಲ್ಲ.

ನಿರ್ಣಯವು ತಪ್ಪಿದರೆ ಚಿಕಿತ್ಸೆಯೇ ಕೇಡಾಗುವುದೆಂಬುದು ಇಲ್ಲಿಯ ವಿಶೇಷ. ಮೆದುಳುಪೊರೆಯ ಕ್ಷಯದಲ್ಲಿ ಸ್ಟೀರಾಯ್ಡ್ ಪ್ರಾಣರಕ್ಷಕವಾದುದು. ಅದೇ ಸ್ಟೀರಾಯ್ಡ್ ಕಪೋಸಿಯ ಅರ್ಬುದವನ್ನು ಕೆರಳಿಸುವುದು. ಕ್ಷಯದ ಮುಖ್ಯ ಮದ್ದಾದ ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಎಚ್.ಐ.ವಿ.ಯ ಮದ್ದನ್ನು ಬೇಗನೆ ಕರಗಿಸಿಬಿಡುವುದು; ಆದಕಾರಣ ಡೊಲ್ಯುಟೆಗ್ರವಿರನ್ನು ದಿನಕ್ಕೊಂದು ಬಾರಿಯ ಬದಲು ಎರಡು ಬಾರಿ, ಪ್ರತಿಸಾರಿ ೫೦ ಮಿಲಿಗ್ರಾಮಿನಂತೆ, ಕೊಡಬೇಕಾಗುವುದು. ಹೀಗಿದ್ದರೂ ಎಚ್.ಐ.ವಿ.ಯ ಮದ್ದೇ ಈ ಅರ್ಬುದಕ್ಕೆ ಮೂಲೌಷಧ. ಕಾವಲು ಮತ್ತೆ ಎದ್ದುನಿಂತರೆ ಎಳೆಯ ಕಲೆಗಳು ತಾವಾಗಿಯೇ ಬಾಡುವುದುಂಟು. ಬಲಿತವಕ್ಕೆ ಮಾತ್ರ ಡಾಕ್ಸೊರುಬಿಸಿನ್, ಪ್ಯಾಕ್ಲಿಟಾಕ್ಸೆಲ್ ಮೊದಲಾದವು ಬೇಕು. ಎದ್ದುನಿಂತ ಕಾವಲು ಮೊದಲ ವಾರಗಳಲ್ಲಿ ರೋಗವನ್ನು ಕೆಣಕಿ, ಅರ್ಬುದವೂ ಕ್ಷಯವೂ ಉಲ್ಬಣಿಸಿದಂತೆ ತೋರುವುದೂ ಉಂಟು. ಇದನ್ನು ಮುಂಚೆಯೇ ತಿಳಿಸದಿದ್ದರೆ ಮದ್ದೇ ಮೈಗೆ ಆಗದೆಂದು ರೋಗಿಯು ಅದನ್ನು ಬಿಟ್ಟುಬಿಡುವನು. ಕರ್ಣಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಈ ಮದ್ದನ್ನು ಸರ್ಕಾರವು ಉಚಿತವಾಗಿ ಕೊಡಲಾರಂಭಿಸಿದುದು ೨೦೦೪ರ ಏಪ್ರಿಲ್ ೧ರಿಂದ.

ಮದ್ದು ಉಚಿತವಾದರೂ ಅದರ ಬಳಿಗೆ ಹೋಗುವ ದಾರಿ ಸುಲಭವಲ್ಲ. ಮಾನ್ವಿಯ ಜಗನ್ನಾಥದಾಸರ ವಿಷಯದಲ್ಲಿ ದಾಸಪಂಥದ ಐತಿಹ್ಯವೊಂದು ಎಲ್ಲರಿಗೂ ತಿಳಿದುದು. ವಿಜಯದಾಸರ ಕರೆಯನ್ನು ಹೊಟ್ಟೆನೋವಿನ ನೆವದಿಂದ ತಳ್ಳಿಹಾಕಿದ ಅವರಿಗೆ ಆ ರೋಗವೇ ನಿಜವಾಗಿ ಬಂದು, ಗೋಪಾಲದಾಸರು ತಮ್ಮ ಆಯುಸ್ಸಿನಿಂದ ನಲವತ್ತು ವರ್ಷಗಳನ್ನು ಧಾರೆಯೆರೆದ ಮೇಲೆಯೇ ಗುಣವಾಯಿತೆಂದು ಹೇಳುವರು. ಕಥೆಯ ಕೊನೆಯಲ್ಲಿ ಕರುಣೆಯಿದೆ. ಆದರೆ ರೋಗವು ತಪ್ಪಿನ ಫಲವೆಂಬ ಅದರ ಮೊದಲರ್ಧವೇ ಜನಮನದಲ್ಲಿ ಹೆಚ್ಚು ಬೇರೂರಿರುವಂತೆ ತೋರುತ್ತದೆ. ಎಚ್.ಐ.ವಿ. ಇರುವವನ ಮೈಮೇಲೆ ಕಲೆ ಮೂಡಿದರೆ ನೆರೆಯವರು ಅದರಲ್ಲಿ ಓದುವುದು ರೋಗಲಕ್ಷಣವನ್ನಲ್ಲ, ನಡತೆಯನ್ನು. ಅವನು ತೋಳಿನ ಅಂಗಿಯನ್ನು ಎಳೆದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವನು. ೨೦೧೮ರ ಸೆಪ್ಟೆಂಬರ್ ೧೦ರಂದು ಜಾರಿಗೆ ಬಂದ, ೨೦೧೭ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಚಿಕಿತ್ಸೆ, ಉದ್ಯೋಗ, ವಿದ್ಯಾಭ್ಯಾಸಗಳಲ್ಲಿ ಭೇದವೆಣಿಸುವುದನ್ನು ನಿಷೇಧಿಸಿ, ರೋಗಿಯ ಒಪ್ಪಿಗೆಯಿಲ್ಲದೆ ಅವನ ಸ್ಥಿತಿಯನ್ನು ಬಯಲು ಮಾಡಕೂಡದೆಂದು ವಿಧಿಸಿದೆ. ಅವನ ಆರೈಕೆಯಲ್ಲಿ ತೊಡಗಿದ ವೈದ್ಯರು ಚಿಕಿತ್ಸೆಗೆ ಅವಶ್ಯವಾದಷ್ಟನ್ನು ತಮ್ಮೊಳಗೆ ತಿಳಿಸಿಕೊಳ್ಳಲು ಅದೇ ಕಾಯಿದೆಯು ಅವಕಾಶವಿತ್ತಿದೆ. ತಾಲ್ಲೂಕಿನ ಆಸ್ಪತ್ರೆಯಿಂದ ಪರೀಕ್ಷೆಗೆ ಹೋಗುವ ಚರ್ಮದ ಚೂರಿನೊಡನೆ ‘ಗಂಟು’ ಎಂಬ ಒಂದೇ ಮಾತು ಹೋದರೆ, ಪರೀಕ್ಷಕನು ಎಂಟನೆಯ ವೈರಸ್ಸಿನ ಗುರುತನ್ನು ಹುಡುಕುವ ಬಣ್ಣವನ್ನು ಹಾಕಲೇಬೇಕೆಂದು ಅವನಿಗೆ ಹೇಳುವವರು ಯಾರೂ ಇರುವುದಿಲ್ಲ.