ಫೈಲ್ ಮಾಯ ಆಯ್ತಾ? ಮೊದಲು ಕೈ ಕಟ್ಟಿ ಕೂತ್ಕೊಳ್ಳಿ

ಆ್ಯಪ್ ಕೈಕೊಟ್ಟಾಗ ನಮಗೆಲ್ಲ ಗೊತ್ತಿರೋ ಮದ್ದು ಒಂದೇ: ಲಾಗ್‌ಔಟ್ ಮಾಡು, ಅನ್‌ಇನ್‌ಸ್ಟಾಲ್ ಮಾಡು, ಮತ್ತೆ ಹಾಕು. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವರನ್ನ ಕೇಳಿದ್ರೂ ಇದನ್ನೇ ಹೇಳ್ತಾರೆ. ಆದರೆ ಫೈಲ್ ಕಳೆದುಹೋದಾಗ ಈ ಮದ್ದೇ ವಿಷ ಆಗಬಹುದು. ಯಾಕೆ ಅಂತ ತಿಳಿಯೋಕೆ 2023ರ ನವೆಂಬರ್‌ನಲ್ಲಿ ಗೂಗಲ್ ಡ್ರೈವ್‌ನಲ್ಲಿ ಆದದ್ದನ್ನ ನೋಡೋಣ.

ಆಗ ಕೆಲವು ಬಳಕೆದಾರರು ಡ್ರೈವ್ ತೆರೆದರೆ ತಿಂಗಳುಗಟ್ಟಲೆ ಮಾಡಿದ ಕೆಲಸವೇ ಇಲ್ಲ! ತೊಂದರೆ ಇದ್ದದ್ದು ಫೋನಿನ ಆ್ಯಪ್‌ನಲ್ಲಲ್ಲ; ಕಂಪ್ಯೂಟರಿಗೆ ಹಾಕಿಕೊಳ್ಳುವ ‘ಡ್ರೈವ್ ಫಾರ್ ಡೆಸ್ಕ್‌ಟಾಪ್’ನಲ್ಲಿ, ಅದೂ 84.0.0.0ರಿಂದ 84.0.4.0ರವರೆಗಿನ ಆವೃತ್ತಿಗಳಲ್ಲಿ.

ನೋಡಿ, ‘ಸೇವ್’ ಒತ್ತಿದ ತಕ್ಷಣ ಫೈಲ್ ಕ್ಲೌಡ್‌ಗೆ ಹಾರಿಹೋಗಲ್ಲ. ಮೊದಲು ನಿಮ್ಮದೇ ಕಂಪ್ಯೂಟರಿನಲ್ಲಿ ‘ಡ್ರೈವ್‌ಎಫ್‌ಎಸ್’ ಅನ್ನೋ ಫೋಲ್ಡರ್‌ಗೆ ಬಂದು ಕೂರುತ್ತೆ, ಅಲ್ಲಿಂದ ಅಪ್‌ಲೋಡ್ ಆಗುತ್ತೆ. ಬಸ್‌ಸ್ಟ್ಯಾಂಡಿನ ಪಾರ್ಸೆಲ್ ಕೌಂಟರಿನಲ್ಲಿ ಡಬ್ಬ ಕೊಟ್ಟ ಹಾಗೆ. ಊರು ತಲುಪಿಲ್ಲ ನಿಜ, ಹಾಗಂತ ಕಳೆದೂ ಹೋಗಿಲ್ಲ.

ಹಾಗಾಗಿಯೇ ಗೂಗಲ್ ಮೊದಲು ಹೇಳಿದ್ದು ಏನು ಮಾಡಬಾರದು ಅಂತ. ‘ಡಿಸ್‌ಕನೆಕ್ಟ್ ಅಕೌಂಟ್’ ಒತ್ತಬೇಡಿ. ಆ ಫೋಲ್ಡರನ್ನ ಅಳಿಸಬೇಡಿ, ಜರುಗಿಸಲೂಬೇಡಿ. ಜಾಗ ಇದ್ದರೆ ಅದರದೊಂದು ಕಾಪಿ ತೆಗೆದಿಡಿ. ಡಿಸೆಂಬರ್‌ನಲ್ಲಿ ಪರಿಹಾರ ಬಂತು: 85.0.13.0 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿಕೊಂಡು, ಶಿಫ್ಟ್ ಕೀ ಒತ್ತಿ ಹಿಡಿದು ಸೆಟ್ಟಿಂಗ್ಸ್ ಕ್ಲಿಕ್ ಮಾಡಿದರೆ ‘ರಿಕವರ್ ಫ್ರಮ್ ಬ್ಯಾಕಪ್ಸ್’ ಅನ್ನೋ ಆಯ್ಕೆ. (ಇಂಥ ಮುಖ್ಯವಾದ ಬಟನ್‌ನ ಯಾಕೆ ಬಚ್ಚಿಟ್ಟರೋ!) ಅದು ಹುಡುಕೋದು ಕಂಪ್ಯೂಟರಿನಲ್ಲಿ ಉಳಿದಿರೋ ಪ್ರತಿಗಳನ್ನ. ಗಾಬರಿಯಲ್ಲಿ ಎಲ್ಲ ಅಳಿಸಿ ಕ್ಲೀನ್ ಮಾಡಿಬಿಟ್ಟಿದ್ದರೆ ಹುಡುಕೋಕೆ ಏನಿರುತ್ತೆ?

ಫೋನಿನಲ್ಲೂ ಲೆಕ್ಕ ಇಷ್ಟೇ. ಆಂಡ್ರಾಯ್ಡ್‌ನಲ್ಲಿ ‘ಕ್ಲಿಯರ್ ಕ್ಯಾಶ್’ ಬೇರೆ, ‘ಕ್ಲಿಯರ್ ಸ್ಟೋರೇಜ್’ ಬೇರೆ. ಎರಡನೆಯದು ಆ್ಯಪ್ ತನ್ನೊಳಗೆ ಇಟ್ಟುಕೊಂಡಿದ್ದನ್ನೆಲ್ಲ ಗುಡಿಸಿಹಾಕುತ್ತೆ, ಇನ್ನೂ ಸಿಂಕ್ ಆಗದ ನೋಟ್ಸ್ ಸೇರಿ. ನೆಟ್‌ವರ್ಕ್ ಸಿಗದ ಕಡೆ ಕೂತು ಟೈಪ್ ಮಾಡಿದ ಅಸೈನ್‌ಮೆಂಟ್ ಇರೋದೇ ಅಲ್ಲಿ ಮಾತ್ರ. ಮೊದಲು ಅದು ಸಿಂಕ್ ಆಗಿದೆಯಾ, ಇನ್ನೊಂದು ಡಿವೈಸ್‌ನಲ್ಲಿ ಕಾಣುತ್ತಾ ಅಂತ ನೋಡಿ. ಅಲ್ಲೀವರೆಗೂ ಆ ಬಟನ್ ಹತ್ತಿರ ಹೋಗಬೇಡಿ.

ಇನ್ನು ಫೈಲ್ ಇದೆ, ಆದರೆ ‘ಕರಪ್ಟ್’ ಅಂತಿದೆ ಅಂದ್ರೆ? ರಿಪೇರಿ ಏನಿದ್ದರೂ ಕಾಪಿಯ ಮೇಲೆ ಮಾಡಿ, ಮೂಲವನ್ನ ಮುಟ್ಟಬೇಡಿ. ಕಂಪ್ಯೂಟರಿನ ವರ್ಡ್‌ನಲ್ಲಿ ‘ಓಪನ್ ಆ್ಯಂಡ್ ರಿಪೇರ್’ ಇದೆ, ಮೊದಲು ಅದನ್ನ ನೋಡಿ. ಆಗಲಿಲ್ಲವಾ? ‘ಡಾಕ್‌ಎಕ್ಸ್’ ಫೈಲ್ ನಿಜಕ್ಕೂ ಒಂದು ಝಿಪ್ ಕಟ್ಟು. ಕಾಪಿಯ ಹೆಸರಿನ ಕೊನೆಗೆ ಡಾಟ್ ಝಿಪ್ ಅಂತ ಬದಲಾಯಿಸಿ, ಫೈಲ್ ಮ್ಯಾನೇಜರ್‌ನಲ್ಲಿ ಬಿಚ್ಚಿ. ಕಟ್ಟು ಪೂರ್ತಿ ಹಾಳಾಗಿರದಿದ್ದರೆ ಒಳಗೆ ‘ವರ್ಡ್’ ಫೋಲ್ಡರ್, ಅದರೊಳಗೆ ‘ಮೀಡಿಯಾ’ ಸಿಗುತ್ತೆ. ನೀವು ಹಾಕಿದ್ದ ಫೋಟೊಗಳೆಲ್ಲ ಅಲ್ಲಿರುತ್ತವೆ. ಬರೆದದ್ದು ಪಕ್ಕದ ‘ಡಾಕ್ಯುಮೆಂಟ್ ಡಾಟ್ ಎಕ್ಸ್‌ಎಂಎಲ್’ನಲ್ಲಿ, ಚಿತ್ರವಿಚಿತ್ರ ಚಿಹ್ನೆಗಳ ನಡುವೆ. ಹೆಕ್ಕಿ ತೆಗೆಯೋಕೆ ಸ್ವಲ್ಪ ತಾಳ್ಮೆ ಬೇಕು.