ಹಳೆಯ ಅಂಚೆಚೀಟಿಗಳ ಬೆಲೆಯ ನಿರ್ಣಯ

ಅಂಚೆಚೀಟಿಯು ಹಳೆಯದಾದಷ್ಟೂ ಅದರ ಬೆಲೆಯು ಹೆಚ್ಚೆಂಬುದು ಲೋಕರೂಢಿಯ ಭಾವನೆ. ಅದು ಯುಕ್ತವಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಒಂದು ಪೆನ್ನಿಯ ಕಪ್ಪು ಚೀಟಿಯು ಅಂಟಿಸುವ ಅಂಚೆಚೀಟಿಗಳಲ್ಲೆಲ್ಲ ಮೊದಲನೆಯದು. ಆದರೆ ಸುಮಾರು 6 ಕೋಟಿ 80 ಲಕ್ಷ ಪ್ರತಿಗಳು ಅಚ್ಚಾದುದರಿಂದ ಅದು ಇಂದಿಗೂ ಅತಿ ದುರ್ಲಭವೇನಲ್ಲ. 1856ರ ಬ್ರಿಟಿಷ್ ಗಯಾನದ ಒಂದು ಸೆಂಟಿನ ಕೆನ್ನೇರಿಳೆಯ ಚೀಟಿಯಾದರೋ, ಒಂದೇ ಪ್ರತಿಯು ಉಳಿದುಬಂದಿರುವುದರಿಂದ, 2021ರ ಹರಾಜಿನಲ್ಲಿ 80 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಆದುದರಿಂದ ಬೆಲೆಗೆ ಮೂಲವು ವಯಸ್ಸಲ್ಲ. ವಿರಳತೆ ಮತ್ತು ಬೇಡಿಕೆ.

ಅಚ್ಚಿನ ದೋಷವೂ ವಿರಳತೆಗೆ ಕಾರಣವಾಗುವುದುಂಟು. 1854ರ ಭಾರತದ ನಾಲ್ಕಾಣೆಯ ಚೀಟಿಯನ್ನು ಕೆಂಪು, ನೀಲಿ ಬಣ್ಣಗಳಲ್ಲಿ ಬೇರೆಬೇರೆಯಾಗಿ ಅಚ್ಚುಹಾಕುತ್ತಿದ್ದರು. ಹಾಳೆಯು ತಿರುಗಿಹೋದುದರಿಂದ ಕೆಲವು ಪ್ರತಿಗಳಲ್ಲಿ ರಾಣಿಯ ಮುಖವು ತಲೆಕೆಳಗಾಯಿತು. ಅವು ಅತ್ಯಂತ ಬೆಲೆಯುಳ್ಳವು.

ಬಳಿಕ ಚೀಟಿಯ ಸ್ಥಿತಿಯನ್ನು ಪರೀಕ್ಷಿಸತಕ್ಕುದು: ಅಂಚುಗಳು ಪೂರ್ಣವಾಗಿವೆಯೆ, ಕಾಗದವು ಹರಿದಿದೆಯೆ, ಬಳಸದ ಚೀಟಿಯಾದರೆ ಹಿಂಬದಿಯ ಅಂಟು ಉಳಿದಿದೆಯೆ, ಎಂದು. ಬೆಲೆಪಟ್ಟಿಗಳಲ್ಲಿ ಕಾಣುವ ಮೊತ್ತವು ಸಾಮಾನ್ಯವಾಗಿ ಉತ್ತಮ ಪ್ರತಿಗೆ ಮಾತ್ರ ಸಲ್ಲುವುದು. ನಿಜವಾದ ಬೆಲೆಯನ್ನು ಹರಾಜುಗಳೇ ತಿಳಿಸುವುವು.

ಲಕೋಟೆಯ ಮೇಲಿರುವ ಚೀಟಿಯನ್ನು ಮಾತ್ರ ಕತ್ತರಿಸತಕ್ಕುದಲ್ಲ. ಹಾಗೆ ಮಾಡಿದರೆ ಬೆಲೆಯೊಡನೆ ಸಾಕ್ಷ್ಯವೂ ನಷ್ಟವಾಗುವುದು. ತಾರೀಖಿಲ್ಲದ ಸಾಹಿತಿಯೊಬ್ಬನ ಪತ್ರವು ಎಂದು, ಎಲ್ಲಿಂದ ಹೊರಟಿತೆಂಬುದನ್ನು ಎಷ್ಟೋ ವೇಳೆ ಅಂಚೆಯ ಮೊಹರೊಂದೇ ಹೇಳಬಲ್ಲುದು.