ಕಲ್ಲಿನ ನಾಡಿನ ಸಹವಾಸಿಗಳು

ಹೊಸಪೇಟೆಯಿಂದ ಹಂಪೆಗೆ ಹೋಗುವ ಪ್ರಯಾಣಿಕನನ್ನು ಮೊದಲು ಎದುರುಗೊಳ್ಳುವುದು ಹೆಬ್ಬಂಡೆಗಳ ರಾಶಿ. ಅವುಗಳ ಸಂದುಗೊಂದುಗಳಲ್ಲಿ ಕತ್ತಲೆಯಲ್ಲದೆ ಬೇರೇನೂ ಇಲ್ಲವೆಂದು ಅವನಿಗೆ ತೋರುತ್ತದೆ. ಆದರೆ ಆ ಎಡೆಗಳೇ ಹಲವು ಜೀವಿಗಳಿಗೆ ನೆಮ್ಮದಿಯ ನೆಲೆಗಳು. ಒಂದು ಸ್ಥಳವು ಹಿತವೋ ಅಹಿತವೋ ಎಂಬುದನ್ನು ಪ್ರತಿಯೊಂದು ಪ್ರಾಣಿಯೂ ತನ್ನ ಇಂದ್ರಿಯಗಳಿಂದಲೇ ಅರಿಯುತ್ತದೆ. ಆ ಅರಿವು ಎಷ್ಟೋ ವೇಳೆ ಮನುಷ್ಯನ ಅನುಭವಕ್ಕೆ ನಿಲುಕುವುದಿಲ್ಲ.

ಹೊಸಪೇಟೆ-ಸಂಡೂರು ಸೀಮೆಯ ಕುರುಚಲು ಕಾಡಿನಲ್ಲಿ 1994ರಲ್ಲಿ ದರೋಜಿ ಕರಡಿಧಾಮ ಸ್ಥಾಪನೆಯಾಯಿತು. ಕರಡಿಯ ದೃಷ್ಟಿ ಅಷ್ಟೇನೂ ಚುರುಕಲ್ಲ. ಮೂಗು ಮಾತ್ರ ಬಲು ಸೂಕ್ಷ್ಮ. ಮಣ್ಣಿನೊಳಗೆ ಅಡಗಿರುವ ಗೆದ್ದಲನ್ನು ಅದು ವಾಸನೆಯಿಂದಲೇ ಪತ್ತೆಹಚ್ಚುತ್ತದೆ. ಹುತ್ತವನ್ನು ಅಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಗೆದ್ದಲನ್ನು ಬಾಯಿಯಿಂದ ಹೀರುತ್ತದೆ. ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳು ಇಲ್ಲದಿರುವುದು ಇದಕ್ಕೆ ಅನುಕೂಲ. ಹಗಲಿನ ಬಿಸಿಲಿನಲ್ಲಿ ಬಂಡೆಗಳು ಕಾದಾಗ, ಅವುಗಳ ನಡುವಿನ ತಂಪಾದ ಗವಿಯೇ ಅದರ ವಿಶ್ರಾಂತಿಗೃಹ.

ಕೆಳಗೆ ಹರಿಯುವ ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಮಳೆಗಾಲದ ಕೆನ್ನೀರಿನಲ್ಲಿ ಕಣ್ಣು ಹೆಚ್ಚು ದೂರ ಕಾಣದು. ಆಗ ಅವುಗಳಿಗೆ ಮೂತಿಯ ಬಿರುಸು ಮೀಸೆಯೇ ನೆರವು. ಮೀನು ಸುಳಿದಾಗ ಏಳುವ ಅಲುಗಾಟವನ್ನು ಮೀಸೆಯ ಬುಡದಲ್ಲಿರುವ ನರಗಳು ಗ್ರಹಿಸುತ್ತವೆ. ದಡದ ಬಂಡೆಗಳ ಪೊಟರೆಯೇ ಅವು ಮರಿಗಳನ್ನು ಸಾಕುವ ಮನೆ. ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಉದ್ದದ ನದೀಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು.

ಸಂಜೆಯಾದೊಡನೆ ಹಾಳುಮಂಟಪಗಳ ಕತ್ತಲೆಯಿಂದ ಬಾವಲಿಗಳು ಹೊರಬೀಳುತ್ತವೆ. ಕಣ್ಣು ಕಾಣದಿದ್ದರೂ ಬಾವಲಿ ತೊಡಕಿಲ್ಲದೆ ಹಾರಬಲ್ಲುದೆಂದು ಇಟಲಿಯ ಸ್ಪಲಾಂಜಾನಿ ಎಂಬ ವಿಜ್ಞಾನಿಯು 18ನೆಯ ಶತಮಾನದ ಕೊನೆಯಲ್ಲಿ ತೋರಿಸಿದನು. ಇದರ ಗುಟ್ಟು 1938ರಲ್ಲಿ ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಅವರ ಪ್ರಯೋಗದಿಂದ ಹೊರಬಿದ್ದಿತು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಸಲಕ್ಕಿಂತ ಹೆಚ್ಚು ಕಂಪಿಸುವ ಧ್ವನಿ ಕೇಳಿಸದು. ಕೀಟಗಳನ್ನು ತಿನ್ನುವ ಬಾವಲಿಗಳು ಅದಕ್ಕೂ ಮೀರಿದ ಧ್ವನಿಯನ್ನು ಹೊರಡಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಗೋಡೆ ಯಾವುದು, ಹುಳು ಯಾವುದು ಎಂದು ತಿಳಿಯುತ್ತವೆ. ಮನುಷ್ಯನಿಗೆ ನಿಶ್ಶಬ್ದವಾದ ಮಂಟಪವು ಅವುಗಳಿಗೆ ಧ್ವನಿಗಳಿಂದ ತುಂಬಿದ ಲೋಕ.

ಹೀಗಿರುವಾಗ, ತನಗೆ ಕಾಣದು, ಕೇಳದು ಎಂಬ ಕಾರಣದಿಂದ ಯಾವ ಸ್ಥಳವನ್ನೂ ಬರಿದೆಂದು ಎಣಿಸುವುದು ಸಲ್ಲದು. ಬಂಡೆಯನ್ನು ಸಿಡಿಸಿದರೆ ಕರಡಿಯ ತಂಪು ಗವಿ ಹೋಗುತ್ತದೆ. ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿದರೆ ನೀರುನಾಯಿಯ ಆಹಾರದೊಡನೆ ಅದರ ಪ್ರಾಣಕ್ಕೂ ಕುತ್ತು. ಕತ್ತಲೆಯ ಮೂಲೆಗೆ ದೀಪ ಹಿಡಿದು ಗದ್ದಲವೆಬ್ಬಿಸಿದರೆ ಬಾವಲಿಗಳು ನೆಲೆ ತೊರೆಯುತ್ತವೆ. ಕಲ್ಲಿನ ಈ ನಾಡಿನಲ್ಲಿ ಅರಸರು ಕಟ್ಟಿಸಿದ ಗುಡಿಗಳನ್ನು ಕಾಪಾಡುವುದು ಎಷ್ಟು ಅಗತ್ಯವೋ, ಯಾರೂ ಕಟ್ಟದ ಈ ಮನೆಗಳನ್ನು ಉಳಿಸುವುದೂ ಅಷ್ಟೇ ಅಗತ್ಯ.